ಕಲ್ಲು ತೆಗೆಸಿದ ಮಾತ್ರಕ್ಕೆ ಲೆಕ್ಕ ಮುಗಿಯದು

ಮೂತ್ರಪಿಂಡದ ಕಲ್ಲು ಮಂಡ್ಯ ಸೀಮೆಯ ವರ್ತಕರಿಗೆ ಅಪರಿಚಿತವಾದ ವ್ಯಾಧಿಯೇನಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕಾವಿನ ಮುಂದೆ ದಿನವಿಡೀ ನಿಲ್ಲುವ ಕೆಲಸಗಾರರು, ಕೃಷ್ಣರಾಜಪೇಟೆಯ ಅಕ್ಕಿ ಗಿರಣಿಗಳ ಹಮಾಲರು, ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾದ ನಾಗಮಂಗಲದಲ್ಲಿ ಕುಲುಮೆಯ ಮುಂದೆ ದುಡಿಯುವವರು, ಗಿರಾಕಿಗಳ ನಡುವೆ ನೀರು ಕುಡಿಯಲೂ ಬಿಡುವಿಲ್ಲದ ಅಂಗಡಿಯವರು, ಇವರೆಲ್ಲರ ಮೈಯಿಂದ ಬೆವರಾಗಿ ಹೋದಷ್ಟು ನೀರು ಮರಳಿ ಒಳಸೇರುವುದಿಲ್ಲ. ಸೊಂಟದಿಂದ ಕಿಬ್ಬೊಟ್ಟೆಗೆ ಇಳಿಯುವ ಅಸಹನೀಯ ನೋವು ಕಾಣಿಸಿಕೊಂಡಾಗ ಮೊದಲು 'ಉಷ್ಣ'ವೆಂದು ಹುರುಳಿ ಕಟ್ಟು, ಬಾಳೆದಿಂಡಿನ ರಸ ಕುಡಿಯುತ್ತಾರೆ. ನೋವು ತಗ್ಗದಿದ್ದರೆ ಸ್ಕ್ಯಾನಿಂಗ್, ಆ ಬಳಿಕ ಶಸ್ತ್ರಚಿಕಿತ್ಸೆ. ಬಿಲ್ಲು ಪಾವತಿಯಾದ ಕೂಡಲೇ ಲೆಕ್ಕ ಮುಗಿಯಿತೆಂದು ಭಾವಿಸುತ್ತಾರೆ.

ಬಹುಪಾಲು ರೋಗಿಗಳ ವಿಷಯದಲ್ಲಿ ಈ ಭಾವನೆಯಿಂದ ದೊಡ್ಡ ಅಪಾಯವಿಲ್ಲ. ಆದರೆ ಎಲ್ಲ ಕಲ್ಲುಗಳೂ ಬಿಸಿಲು ಬೆವರುಗಳಿಂದ ಹುಟ್ಟಿದವಲ್ಲ. ಕೆಲವು ತಂದೆ ತಾಯಿಯರಿಂದ ವಂಶವಾಹಿಗಳ ಮೂಲಕ ಬರುತ್ತವೆ. ಅಂಥ ಕಲ್ಲನ್ನು ಒಮ್ಮೆ ತೆಗೆದರೆ ಮತ್ತೆ ಹುಟ್ಟುತ್ತದೆ, ಮತ್ತೆ ತೆಗೆದರೆ ಮತ್ತೊಮ್ಮೆ. ಕೊನೆಗೆ ಮೂತ್ರಪಿಂಡವೇ ಸೋಲುವ ಸಂಭವವುಂಟು. ಈ ಕಾಯಿಲೆಗೆ ಔಷಧವನ್ನು ಹುಡುಕುವ ಕಾರ್ಯ ಜಗತ್ತಿನ ಕೆಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ಆ ಶೋಧದ ಒಂದು ಎಳೆ ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರಿನಿಂದಲೇ ಹೊರಟಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ರೋಗಿಗಳ ಸಂಖ್ಯೆ ಕಡಿಮೆಯಿರುವ ಕಾಯಿಲೆಗೆ ಮಾರುಕಟ್ಟೆ ತಾನಾಗಿ ಔಷಧ ಒದಗಿಸುವುದಿಲ್ಲ. ಒದಗಿಸಿದರೂ ಕೈಗೆಟುಕುವ ಬೆಲೆಗೆ ಒದಗಿಸುವುದಿಲ್ಲ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ವಾಣಿಜ್ಯ ಸಮುದಾಯವು ಇದನ್ನು ಕೇವಲ ವೈದ್ಯರ ವಿಷಯವೆಂದು ಬದಿಗಿಡದೆ ತನ್ನ ವಿಷಯವೆಂದು ಪರಿಗಣಿಸುವುದು ಅವಶ್ಯಕ.

ವಂಶದಿಂದ ಬರುವ ಕಲ್ಲು

ಈ ಬಗೆಯ ವ್ಯಾಧಿಗಳಲ್ಲಿ ಬಹುಕಾಲದಿಂದ ತಿಳಿದಿರುವುದು ಸಿಸ್ಟಿನ್ಯೂರಿಯಾ. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ ಮೂತ್ರಕೋಶದ ಕಲ್ಲೊಂದನ್ನು ಪರೀಕ್ಷಿಸಿ, ಅದುವರೆಗೆ ಯಾರೂ ಕಾಣದ ವಸ್ತುವೊಂದನ್ನು ಗುರುತಿಸಿದರು. ಅದೇ ಮುಂದೆ ಸಿಸ್ಟಿನ್ ಎಂದು ಹೆಸರಾಯಿತು. 1908ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ನೀಡಿದಾಗ ಉದಾಹರಿಸಿದ ನಾಲ್ಕು ಕಾಯಿಲೆಗಳಲ್ಲಿ ಸಿಸ್ಟಿನ್ಯೂರಿಯಾ ಒಂದು.

ಮೂತ್ರಪಿಂಡವು ರಕ್ತವನ್ನು ಸೋಸಿ, ಬೇಕಾದುದನ್ನು ಮರಳಿ ಜಮಾ ಮಾಡಿಕೊಂಡು, ಬೇಡದ್ದನ್ನು ಹೊರಗೆ ಕಳುಹಿಸುವ ಅಂಗ. ಸಿಸ್ಟಿನ್, ಲೈಸಿನ್, ಆರ್ಜಿನಿನ್, ಆರ್ನಿಥಿನ್ ಎಂಬ ನಾಲ್ಕು ಅಮೈನೋ ಆಮ್ಲಗಳನ್ನು ಮರಳಿ ಪಡೆಯಲು ಅಲ್ಲಿ ಒಂದು ಸಾಗಣೆ ವ್ಯವಸ್ಥೆಯಿದೆ. ಆ ವ್ಯವಸ್ಥೆಯನ್ನು ರೂಪಿಸುವ ಎರಡು ವಂಶವಾಹಿಗಳಲ್ಲಿ ಒಂದು ಕೆಟ್ಟರೆ ಈ ನಾಲ್ಕೂ ಮೂತ್ರದಲ್ಲಿ ಹೊರಹೋಗುತ್ತವೆ. ಮೊದಲನೆಯ ವಂಶವಾಹಿಯ ಪಾತ್ರ 1994ರಲ್ಲಿ, ಎರಡನೆಯದರ ಪಾತ್ರ 1999ರಲ್ಲಿ ದೃಢಪಟ್ಟಿತು. ಉಳಿದ ಮೂರು ಆಮ್ಲಗಳು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ತೊಂದರೆಯಿಲ್ಲ. ಸಿಸ್ಟಿನ್ ಕರಗುವುದು ಕಷ್ಟ. ಒಂದು ಲೀಟರ್ ಮೂತ್ರದಲ್ಲಿ ಸುಮಾರು 250 ಮಿಲಿಗ್ರಾಂ ಮಾತ್ರ ಕರಗಬಲ್ಲದು. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 30 ಮಿಲಿಗ್ರಾಂಗಿಂತ ಕಡಿಮೆ ಸಿಸ್ಟಿನ್ ಇದ್ದರೆ, ಈ ರೋಗಿಗಳಲ್ಲಿ ಅದು ಹಲವು ಬಾರಿ 400 ಮಿಲಿಗ್ರಾಂ ದಾಟುತ್ತದೆ. ಕರಗದೆ ಉಳಿದದ್ದು ಆರು ಮೂಲೆಯ ಹರಳುಗಳಾಗಿ, ಹರಳುಗಳು ಕೂಡಿ ಕಲ್ಲಾಗುತ್ತವೆ.

ಕಲ್ಲಿನ ತೊಂದರೆಯಿರುವ ವಯಸ್ಕರಲ್ಲಿ ಶೇಕಡ 1ರಿಂದ 2ರಷ್ಟು ಮಂದಿಗೆ ಮಾತ್ರ ಸಿಸ್ಟಿನ್ ಕಲ್ಲು ಇರುತ್ತದೆ. ಮಕ್ಕಳಲ್ಲಿ ಈ ಪ್ರಮಾಣ ಶೇಕಡ 6ರಿಂದ 8. ಸಾಮಾನ್ಯವಾಗಿ ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ಮೊದಲ ಕಲ್ಲು ಕಾಣಿಸುತ್ತದೆ. ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿಮಾಡುವ ಚಿಕಿತ್ಸೆಗೆ ಸಿಸ್ಟಿನ್ ಕಲ್ಲು ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ ಕಲ್ಲಿನ ಬಗೆ ತಿಳಿಯದೆ ಚಿಕಿತ್ಸೆಗೆ ತೊಡಗಿದರೆ ಹಣವೂ ವ್ಯರ್ಥ, ನೋವೂ ದುಪ್ಪಟ್ಟು.

ಈ ಸೀಮೆಗೆ ಏಕೆ ಮುಖ್ಯ

ಸಿಸ್ಟಿನ್ಯೂರಿಯಾ ಜಗತ್ತಿನಲ್ಲಿ ಸರಾಸರಿ ಸುಮಾರು 7,000 ಜನರಲ್ಲಿ ಒಬ್ಬರಿಗೆ ಇದೆಯೆಂಬುದು ವೈದ್ಯಶಾಸ್ತ್ರದ ಅಂದಾಜು. 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷವನ್ನು ಮೀರಿತ್ತು. ಆ ಸರಾಸರಿಯನ್ನೇ ಇಲ್ಲಿಗೆ ಅನ್ವಯಿಸಿದರೆ ಜಿಲ್ಲೆಯಲ್ಲಿ ಸುಮಾರು 250 ಮಂದಿ ಇರಬೇಕಾಗುತ್ತದೆ. ಇದು ಎಣಿಕೆಯಲ್ಲ, ಸರಳ ಭಾಗಾಕಾರ ಮಾತ್ರ. ಜನಸಮುದಾಯದಿಂದ ಜನಸಮುದಾಯಕ್ಕೆ ಅನುಪಾತ ಬಹಳ ವ್ಯತ್ಯಾಸವಾಗುತ್ತದೆ.

ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ವಿವಾಹ ಪದ್ಧತಿ. ಇಂಥ ಕಾಯಿಲೆಗಳಲ್ಲಿ ಹೆಚ್ಚಿನವು ಮಗುವಿಗೆ ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ವಂಶವಾಹಿ ಬಂದಾಗ ಮಾತ್ರ ಪೂರ್ಣವಾಗಿ ಪ್ರಕಟವಾಗುತ್ತವೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ವಾಹಕರಿಗೆ ತಮ್ಮಲ್ಲಿ ದೋಷವಿದೆಯೆಂಬುದೇ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಸೋದರಮಾವ ಸೋದರಸೊಸೆಯರ ನಡುವೆ, ಅತ್ತೆಯ ಮಕ್ಕಳು ಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವುದು ದಕ್ಷಿಣ ಕರ್ನಾಟಕದಲ್ಲಿ ಹಿಂದಿನಿಂದ ಬಂದ ರೂಢಿ. ಹುಡುಗಿ ಪರರ ಮನೆಗೆ ಹೋಗುವ ಚಿಂತೆಯಿಲ್ಲ, ಜಮೀನು ಅಂಗಡಿಗಳು ಒಡೆಯುವುದಿಲ್ಲ ಎಂಬ ಲೆಕ್ಕಾಚಾರವೂ ಅದರ ಹಿಂದಿದೆ. ಒಂದೇ ಕುಟುಂಬದಲ್ಲಿ ಒಂದೇ ದೋಷವುಳ್ಳ ವಂಶವಾಹಿ ಇಬ್ಬರಲ್ಲೂ ಇರುವ ಸಾಧ್ಯತೆ ಹೊರಗಿನವರಿಗಿಂತ ಹಲವು ಪಟ್ಟು ಹೆಚ್ಚು.

1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಜನಿಸಿದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಅಮೈನೋ ಆಮ್ಲ ದೋಷಗಳಿಗಾಗಿ ಪರೀಕ್ಷಿಸಿದರು. ಆ ಶಿಶುಗಳ ತಂದೆ ತಾಯಿಯರಲ್ಲಿ ಸುಮಾರು ಮೂರರಲ್ಲಿ ಒಂದು ದಂಪತಿ ರಕ್ತಸಂಬಂಧಿಗಳೆಂದು ಕಂಡುಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ವಿವಾಹಗಳು ಈ ಬಗೆಯವೇ. ರೂಢಿಯನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಆದರೆ ರೂಢಿಯಿರುವ ಕಡೆ ಆನುವಂಶಿಕ ವ್ಯಾಧಿಗಳ ಬಗ್ಗೆ ಹೆಚ್ಚಿನ ಎಚ್ಚರ ಇರಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಸಂಯುಕ್ತಗಳ ಶೋಧ

ಈ ಕಾಯಿಲೆಗೆ ಮೊದಲ ಮದ್ದು ನೀರು. 1950ರ ದಶಕದಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಡೆಂಟ್, ಹಗಲು ಮಾತ್ರವಲ್ಲದೆ ರಾತ್ರಿ ಎಚ್ಚೆತ್ತೂ ನೀರು ಕುಡಿದರೆ ಹೊಸ ಕಲ್ಲುಗಳನ್ನು ತಡೆಯಬಹುದೆಂದು ತೋರಿಸಿದರು. ದಿನಕ್ಕೆ ಮೂರು ಲೀಟರಿಗೂ ಹೆಚ್ಚು ಮೂತ್ರ ಹೋಗುವಷ್ಟು ನೀರು ಕುಡಿಯುವುದು, ಉಪ್ಪನ್ನು ಕಡಿಮೆ ಮಾಡುವುದು, ಪೊಟ್ಯಾಸಿಯಂ ಸಿಟ್ರೇಟ್ ಸೇವಿಸಿ ಮೂತ್ರದ ಆಮ್ಲತೆಯನ್ನು ತಗ್ಗಿಸುವುದು ಇಂದಿಗೂ ಚಿಕಿತ್ಸೆಯ ಬುನಾದಿ.

ಇಷ್ಟರಿಂದ ಸಾಲದವರಿಗೆ 1963ರಲ್ಲಿ ಪೆನಿಸಿಲಮೈನ್ ಬಳಕೆಗೆ ಬಂತು. ಸಿಸ್ಟಿನ್ ಎಂಬುದು ಎರಡು ಸಿಸ್ಟೀನ್ ಅಣುಗಳು ಗಂಧಕದ ಕೊಂಡಿಯಿಂದ ಜೋಡಿಯಾದ ವಸ್ತು. ಪೆನಿಸಿಲಮೈನ್ ಆ ಕೊಂಡಿಯನ್ನು ಬಿಡಿಸಿ ಸುಲಭವಾಗಿ ಕರಗುವ ಬೇರೆ ಜೋಡಿಯನ್ನು ಉಂಟುಮಾಡುತ್ತದೆ. ಆದರೆ ಚರ್ಮ, ರಕ್ತ, ಮೂತ್ರಪಿಂಡಗಳ ಮೇಲೆ ಅದರ ಅಡ್ಡಪರಿಣಾಮಗಳು ಹೆಚ್ಚು. ಅದೇ ತತ್ತ್ವದ ಮೇಲೆ ಕೆಲಸ ಮಾಡುವ, ತುಸು ಸಹನೀಯವಾದ ಟಯೋಪ್ರೋನಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು. ಅಲ್ಲಿಂದಾಚೆಗೆ ದೀರ್ಘಕಾಲ ಈ ಕಾಯಿಲೆಗೆಂದು ಹೊಸ ಬಗೆಯ ಔಷಧವೇನೂ ಬರಲಿಲ್ಲ.

2010ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೈಕೇಲ್ ವಾರ್ಡ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬೇರೊಂದು ಮಾರ್ಗವನ್ನು ಪ್ರಕಟಿಸಿದರು. ಸಿಸ್ಟಿನ್ನನ್ನು ಬಿಡಿಸುವ ಬದಲು ಹರಳು ಬೆಳೆಯುವುದನ್ನೇ ತಡೆದರೆ ಹೇಗೆ ಎಂಬುದು ಅವರ ಪ್ರಶ್ನೆ. ಹರಳಿನ ಮೇಲ್ಮೈ ಪದರ ಪದರವಾಗಿ ಬೆಳೆಯುವುದನ್ನು ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಸಿಸ್ಟಿನ್ನನ್ನೇ ಹೋಲುವ ಸಿಸ್ಟಿನ್ ಡೈಮೀಥೈಲ್ ಎಸ್ಟರ್ ಎಂಬ ಸಂಯುಕ್ತವನ್ನು ಅವರು ಪ್ರಯೋಗಿಸಿದರು. ಗೋಡೆ ಕಟ್ಟುವಾಗ ಸಾಲಿನಲ್ಲಿ ಸರಿಯಾಗಿ ಕೂರುವ, ಆದರೆ ತನ್ನ ಪಕ್ಕಕ್ಕೆ ಇನ್ನೊಂದನ್ನು ಕೂರಲು ಬಿಡದ ಇಟ್ಟಿಗೆಯೊಂದು ಸೇರಿಕೊಂಡರೆ ಕೆಲಸ ಹೇಗೆ ನಿಲ್ಲುವುದೋ, ಹಾಗೆ ಹರಳಿನ ಬೆಳವಣಿಗೆ ನಿಂತಿತು. 2014ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಲ್ಲುಗಳ ಗಾತ್ರ ಕಡಿಮೆಯಾಯಿತು, ಸಂಖ್ಯೆ ಮಾತ್ರ ಹೆಚ್ಚಾಯಿತು. ಅಂದರೆ ಮಾರ್ಗ ಸರಿಯಿದ್ದರೂ ಗುರಿ ಇನ್ನೂ ದೂರವಿತ್ತು. 2017ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಆಲ್ಫಾ ಲಿಪೋಯಿಕ್ ಆಮ್ಲವೆಂಬ, ಪೂರಕ ಆಹಾರವಾಗಿ ಅಂಗಡಿಗಳಲ್ಲಿ ದೊರೆಯುವ ಸಾಧಾರಣ ವಸ್ತು ಇಲಿಗಳ ಮೂತ್ರದಲ್ಲಿ ಸಿಸ್ಟಿನ್ ಕರಗುವ ಪ್ರಮಾಣವನ್ನು ಹೆಚ್ಚಿಸಿ ಕಲ್ಲುಗಳನ್ನು ತಗ್ಗಿಸಿತೆಂದು ವರದಿ ಮಾಡಿದರು. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲುತ್ತದೆಂಬ ಖಾತರಿಯಿಲ್ಲದ ಕಾರಣ, ವೈದ್ಯರ ಸಲಹೆಯಿಲ್ಲದೆ ಯಾರೂ ಇದನ್ನು ಕೊಂಡು ಸೇವಿಸತಕ್ಕದ್ದಲ್ಲ.

ಮೈಸೂರಿನಿಂದ ಹೊರಟ ಎಳೆ

ವಾರ್ಡ್ ಅವರ 2010ರ ಸಂಶೋಧನೆಯಲ್ಲಿ ಪಾಲ್ಗೊಂಡಿದ್ದ ಜೆಫ್ರಿ ರೈಮರ್, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಅದೇ ವಿಧಾನವನ್ನು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳಿಗೆ ಅನ್ವಯಿಸಿದರು. ಹೆಚ್ಚಿನ ಜನರಲ್ಲಿ ಕಾಣುವ ಕಲ್ಲು ಇದೇ. ಪ್ರೈಮರಿ ಹೈಪರಾಕ್ಸಲೂರಿಯಾ ಎಂಬ ಮತ್ತೊಂದು ಆನುವಂಶಿಕ ವ್ಯಾಧಿಯಲ್ಲಿ ಯಕೃತ್ತು ಮಿತಿಮೀರಿ ಆಕ್ಸಲೇಟ್ ತಯಾರಿಸುವುದರಿಂದ ಉಂಟಾಗುವ ಕಲ್ಲೂ ಇದೇ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ರೈಮರ್ ತಂಡ ಪ್ರಕಟಿಸಿದ ಫಲಿತಾಂಶದ ಪ್ರಕಾರ ಹೈಡ್ರಾಕ್ಸಿಸಿಟ್ರೇಟ್ ಎಂಬ ವಸ್ತು ಈ ಹರಳುಗಳ ಬೆಳವಣಿಗೆಯನ್ನು ತಡೆಯುವುದಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಹರಳುಗಳನ್ನು ಕರಗಿಸಲೂ ಬಲ್ಲದು.

ಈ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೊರೆಯುವುದು ಪಶ್ಚಿಮ ಘಟ್ಟದ ಉಪ್ಪಾಗೆ ಹಣ್ಣಿನ ಸಿಪ್ಪೆಯಲ್ಲಿ. ಆ ಹಣ್ಣಿನ ಮುಖ್ಯ ಆಮ್ಲ ಇದೇ ಎಂದು 1965ರಲ್ಲಿ ನಿಖರವಾಗಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಅದುವರೆಗೆ ಅದನ್ನು ಸಿಟ್ರಿಕ್, ಟಾರ್ಟಾರಿಕ್ ಆಮ್ಲಗಳೆಂದು ತಿಳಿಯಲಾಗಿತ್ತು.

ಈ ಐವತ್ತೊಂದು ವರ್ಷಗಳ ಅವಧಿಯಲ್ಲಿ ಆ ಆಮ್ಲದ ವ್ಯಾಪಾರ ಏನಾಯಿತೆಂಬುದು ವರ್ತಕರು ಗಮನಿಸಬೇಕಾದ ಸಂಗತಿ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗಾಗಿ ಹೊರದೇಶಗಳಿಂದ ಬೇಡಿಕೆ ಬಂದು ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆ ಸಂಗ್ರಹ ಭರದಿಂದ ಸಾಗಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಅದರಿಂದ ತೂಕ ಇಳಿಯುವುದಿಲ್ಲವೆಂದು ತಿಳಿದುಬಂತು. ಆದರೂ ಮಾರಾಟ ನಿಲ್ಲಲಿಲ್ಲ. ಇಂಥ ಮಾತ್ರೆಗಳನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಸ್ಥೂಲಕಾಯದವರು ಕೋಟಿಗಟ್ಟಲೆ ಇದ್ದಾರೆ, ಹಣವೂ ಅತ್ತ ಹರಿಯಿತು. ಕಲ್ಲನ್ನು ತಡೆಯಬಲ್ಲದೇ ಎಂಬ ಗಂಭೀರ ಪ್ರಶ್ನೆಯನ್ನು ಕೇಳಲು ಅರ್ಧ ಶತಮಾನ ಬೇಕಾಯಿತು, ಕೇಳಿದ್ದೂ ಸಾವಿರಾರು ಮೈಲಿ ದೂರದ ಹ್ಯೂಸ್ಟನ್ನಿನಲ್ಲಿ. ಕಚ್ಚಾವಸ್ತು ನಮ್ಮದು, ಮೂಲ ಶೋಧ ನಮ್ಮದು. ಮುಂದಿನ ಹೆಜ್ಜೆಗೆ ಬೇಕಾದ ಬಂಡವಾಳವನ್ನು ಮಾತ್ರ ನಾವು ಹೂಡಲಿಲ್ಲ.

ಮಾರುಕಟ್ಟೆಯ ಲೆಕ್ಕ

ಮಾರುಕಟ್ಟೆಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಟಯೋಪ್ರೋನಿನ್ ಸ್ಪಷ್ಟ ನಿದರ್ಶನ. ಹಳೆಯ, ಸರಳ ರಚನೆಯ ಈ ಔಷಧದ ಅಮೆರಿಕದ ಮಾರಾಟ ಹಕ್ಕನ್ನು 2014ರಲ್ಲಿ ರೆಟ್ರೋಫಿನ್ ಎಂಬ ಕಂಪನಿ ಪಡೆದು, ಒಂದು ಮಾತ್ರೆಯ ಬೆಲೆಯನ್ನು ಸುಮಾರು ಒಂದೂವರೆ ಡಾಲರಿನಿಂದ 30 ಡಾಲರಿಗೆ ಏರಿಸಿತು. ದಿನಕ್ಕೆ ಹತ್ತು ಮಾತ್ರೆ ಬೇಕಾದ ರೋಗಿಗೆ ವರ್ಷದ ಖರ್ಚು 5,475 ಡಾಲರಿನಿಂದ 1,09,500 ಡಾಲರಿಗೆ ಏರಿದಂತಾಯಿತು. ಔಷಧ ಬದಲಾಗಿರಲಿಲ್ಲ, ತಯಾರಿಕೆಯಲ್ಲೂ ಹೊಸತನವಿರಲಿಲ್ಲ. ರೋಗಿಗಳು ಕಡಿಮೆ, ಪೈಪೋಟಿ ಇಲ್ಲ ಎಂಬುದೇ ಬೆಲೆ ಏರಿಸಲು ಸಾಕಾದ ಕಾರಣ.

ಹೊಸ ಔಷಧಗಳ ಬೆಲೆಯಂತೂ ಇನ್ನೂ ಮೇಲೆ. ಪ್ರೈಮರಿ ಹೈಪರಾಕ್ಸಲೂರಿಯಾದ ಮೊದಲ ವಿಧಕ್ಕೆ ಯಕೃತ್ತು ಮತ್ತು ಮೂತ್ರಪಿಂಡ ಎರಡನ್ನೂ ಕಸಿ ಮಾಡುವುದೇ ಅನೇಕರಿಗೆ ಉಳಿದಿದ್ದ ದಾರಿ. 2020ರ ನವೆಂಬರಿನಲ್ಲಿ ಲುಮಾಸಿರಾನ್ ಎಂಬ ಚುಚ್ಚುಮದ್ದಿಗೆ ಯುರೋಪು, ಅಮೆರಿಕಗಳಲ್ಲಿ ಅನುಮತಿ ದೊರೆಯಿತು. ಅದು ಯಕೃತ್ತಿನಲ್ಲಿ ಆಕ್ಸಲೇಟ್ ತಯಾರಿಕೆಯನ್ನೇ ತಗ್ಗಿಸುತ್ತದೆ. ವಿಜ್ಞಾನದ ದೃಷ್ಟಿಯಿಂದ ಇದು ನಿಜಕ್ಕೂ ದೊಡ್ಡ ಸಾಧನೆ. ಬಿಡುಗಡೆಯ ಸಮಯದಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಸರಾಸರಿ ಪಟ್ಟಿ ಬೆಲೆ ವರ್ಷಕ್ಕೆ ಸುಮಾರು 4.9 ಲಕ್ಷ ಡಾಲರ್. ಪಾಂಡವಪುರದ ಬೆಲ್ಲದ ವರ್ತಕನೋ ನಾಗಮಂಗಲದ ಕಾರ್ಖಾನೆದಾರನೋ ತನ್ನ ಆಸ್ತಿಯನ್ನೆಲ್ಲ ಮಾರಿದರೂ ಒಂದು ವರ್ಷದ ಔಷಧಕ್ಕೆ ಸಾಲದು.

ಇದಕ್ಕೆ ಪರಿಹಾರವೇ ಇಲ್ಲವೆಂದು ನಿರಾಶರಾಗಬೇಕಿಲ್ಲ. ಕೆಲವು ಅಪರೂಪದ ಕಾಯಿಲೆಗಳ ಔಷಧಗಳನ್ನು ಭಾರತೀಯ ಕಂಪನಿಗಳೇ ತಯಾರಿಸಿರುವುದಾಗಿ ಕೇಂದ್ರ ಆರೋಗ್ಯ ಸಚಿವಾಲಯ 2023ರ ನವೆಂಬರಿನಲ್ಲಿ ಪ್ರಕಟಿಸಿತು. ಟೈರೋಸಿನೀಮಿಯಾಕ್ಕೆ ಬೇಕಾದ ನಿಟಿಸಿನೋನ್‌ನ ವಾರ್ಷಿಕ ವೆಚ್ಚ 2.2 ಕೋಟಿ ರೂಪಾಯಿಯಿಂದ ಎರಡೂವರೆ ಲಕ್ಷಕ್ಕೆ, ವಿಲ್ಸನ್ ರೋಗದ ಟ್ರೈಯೆಂಟಿನ್‌ನ ವೆಚ್ಚ 2.2 ಕೋಟಿಯಿಂದ 2.2 ಲಕ್ಷಕ್ಕೆ ಇಳಿಯಿತು. ಟ್ರೈಯೆಂಟಿನ್, ಟಯೋಪ್ರೋನಿನ್‌ಗಳಂಥ ಸಣ್ಣ ಅಣುಗಳ ತಯಾರಿಕೆಯಲ್ಲಿ ಭಾರತೀಯ ಉದ್ಯಮಕ್ಕೆ ಕೌಶಲದ ಕೊರತೆಯಿಲ್ಲ. ಕೊರತೆಯಿರುವುದು ಬೇಡಿಕೆಯ ಖಚಿತತೆಗೆ. ಎಷ್ಟು ರೋಗಿಗಳಿದ್ದಾರೆಂದು ಗೊತ್ತಿಲ್ಲದೆ ಯಾವ ತಯಾರಕನೂ ಯಂತ್ರ ಹೂಡುವುದಿಲ್ಲ. ರೋಗಿಗಳ ಎಣಿಕೆಯಾಗಬೇಕಾದರೆ ಕಲ್ಲಿನ ಪರೀಕ್ಷೆಯಾಗಬೇಕು. ಅದು ನಡೆಯದೆ ಮುಂದಿನ ಯಾವ ಹೆಜ್ಜೆಯೂ ಸಾಧ್ಯವಿಲ್ಲ.

ಕಾನೂನು ಮತ್ತು ತೆರಿಗೆಯ ನೋಟ

2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ದೇಶದಲ್ಲಿ 5 ಲಕ್ಷಕ್ಕಿಂತ ಹೆಚ್ಚಿಲ್ಲದಷ್ಟು ಜನರನ್ನು ಬಾಧಿಸುವ ಕಾಯಿಲೆಯ ಔಷಧವು 'ಅನಾಥ ಔಷಧ'ವೆನಿಸುತ್ತದೆ. 7,000ಕ್ಕೆ ಒಬ್ಬರಂತೆ 140 ಕೋಟಿ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಸಿಸ್ಟಿನ್ಯೂರಿಯಾ ರೋಗಿಗಳು ಸುಮಾರು 2 ಲಕ್ಷ. ಎಂದರೆ ಈ ವ್ಯಾಧಿಯ ಔಷಧ ನಿಸ್ಸಂದೇಹವಾಗಿ ಆ ವ್ಯಾಖ್ಯೆಯೊಳಗೆ ಬರುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕಾಯಿಲೆಗಳಿಗೆ ಉತ್ಕೃಷ್ಟತಾ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ನೀಡಲು 2022ರಲ್ಲಿ ತೀರ್ಮಾನಿಸಲಾಯಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಜೊತೆಯಾಗಿ ಅಂಥ ಕೇಂದ್ರಗಳಲ್ಲೊಂದಾಗಿವೆ. ಮಂಡ್ಯದ ಕುಟುಂಬಗಳಿಗೆ ದೆಹಲಿಗೆ ಅಲೆಯುವ ಅಗತ್ಯವಿಲ್ಲವೆಂಬುದು ಸಮಾಧಾನದ ಸಂಗತಿ.

ತೆರಿಗೆ ಕಾನೂನಿನ ಕಥೆ ಅಷ್ಟು ಸಮಾಧಾನಕರವಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮು ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆಗೆ 40,000 ರೂಪಾಯಿವರೆಗೆ, ಹಿರಿಯ ನಾಗರಿಕರಿಗೆ ಒಂದು ಲಕ್ಷದವರೆಗೆ ಕಡಿತ ನೀಡಿತ್ತು. 11ಡಿಡಿ ನಿಯಮದ ಪಟ್ಟಿಯಲ್ಲಿ ದೀರ್ಘಕಾಲದ ಮೂತ್ರಪಿಂಡ ವೈಫಲ್ಯವಿತ್ತು, ಅದಕ್ಕೆ ದಾರಿ ಮಾಡುವ ಆನುವಂಶಿಕ ಕಲ್ಲಿನ ವ್ಯಾಧಿ ಇರಲಿಲ್ಲ. ಮೂತ್ರಪಿಂಡ ಉಳಿಸಿಕೊಳ್ಳಲು ಮಾಡಿದ ಖರ್ಚಿಗೆ ರಿಯಾಯಿತಿ ಇಲ್ಲ, ಕಳೆದುಕೊಂಡ ಮೇಲೆ ಮಾಡಿದ ಖರ್ಚಿಗೆ ಮಾತ್ರ ಉಂಟು ಎಂಬ ಈ ಧೋರಣೆ ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವಂಥದ್ದಲ್ಲ.

ಸಂಶೋಧನೆಗೆ ನೀಡುವ ದೇಣಿಗೆಯ ವಿಷಯದಲ್ಲೂ ಇದೇ ಸ್ಥಿತಿ. ಅದೇ ಕಾಯ್ದೆಯ 35(1)(ii) ಕಲಮಿನಡಿ ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆಗೆ ಕೊಟ್ಟ ಹಣಕ್ಕೆ 2017ರ ಮಾರ್ಚ್‌ವರೆಗೆ ಶೇಕಡ 175ರಷ್ಟು, 2020ರ ಮಾರ್ಚ್‌ವರೆಗೆ ಶೇಕಡ 150ರಷ್ಟು ಕಡಿತ ದೊರೆಯುತ್ತಿತ್ತು. ಬಳಿಕ ಅದು ಶೇಕಡ 100ಕ್ಕೆ ಇಳಿಯಿತು. ರಿಯಾಯಿತಿಗಳ ದುರುಪಯೋಗ ತಡೆಯುವ ಉದ್ದೇಶ ಸರಿಯಾದರೂ, ಮಾರುಕಟ್ಟೆ ಕೈಬಿಟ್ಟ ಅಪರೂಪದ ಕಾಯಿಲೆಗಳ ಸಂಶೋಧನೆಗೆ ಪ್ರತ್ಯೇಕ ಪ್ರೋತ್ಸಾಹ ಉಳಿಸಬಹುದಿತ್ತು. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ನಿಗದಿಪಡಿಸಿದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಸಂದರ್ಭದಲ್ಲಿ ವಾಣಿಜ್ಯ ಮಂಡಳಿಗಳು ಬಜೆಟ್ ಪೂರ್ವ ಮನವಿಗಳಲ್ಲಿ ಈ ಎರಡು ಬೇಡಿಕೆಗಳನ್ನೂ ಸೇರಿಸುವುದು ಉಚಿತ.

ವಾಣಿಜ್ಯ ಸಮುದಾಯದ ಪಾಲು

ಸಾವಿರಾರು ಜನರನ್ನು ಪೀಡಿಸುವ ಮಧುಮೇಹ, ರಕ್ತದೊತ್ತಡಗಳಿರುವಾಗ ಬೆರಳೆಣಿಕೆಯ ಜನರ ಕಾಯಿಲೆಗೆ ವರ್ತಕರು ಏಕೆ ತಲೆ ಕೆಡಿಸಿಕೊಳ್ಳಬೇಕೆಂಬ ಪ್ರಶ್ನೆ ಸಹಜ. ಮಧುಮೇಹದ ಔಷಧಕ್ಕೆ ಮಾರುಕಟ್ಟೆಯೇ ಇದೆ, ಅದು ಯಾರ ನೆರವನ್ನೂ ಕಾಯುವುದಿಲ್ಲ. ಬೆರಳೆಣಿಕೆಯವರಿಗೆ ಸಮಾಜವಲ್ಲದೆ ಬೇರೆ ದಿಕ್ಕಿಲ್ಲ. ಅಲ್ಲದೆ ಹರಳಿನ ಬೆಳವಣಿಗೆಯನ್ನು ತಡೆಯುವ ವಿಧಾನ ಅಪರೂಪದ ಕಲ್ಲಿನಲ್ಲಿ ಕಂಡದ್ದಾದರೂ ಸಾಮಾನ್ಯ ಕಲ್ಲಿನ ಶೋಧಕ್ಕೂ ದಾರಿ ತೋರಿತೆಂಬುದನ್ನು ಮೇಲೆ ನೋಡಿದ್ದಾಗಿದೆ. ಕೆಲವರಿಗಾಗಿ ಹೂಡಿದ್ದು ಎಲ್ಲರಿಗೂ ಫಲಿಸುವ ಸಾಧ್ಯತೆ ಇಲ್ಲಿದೆ.

ಮೊದಲನೆಯದಾಗಿ, ತೆಗೆದ ಕಲ್ಲನ್ನು ಬಿಸಾಡದೆ ರಾಸಾಯನಿಕ ಪರೀಕ್ಷೆಗೆ ಕಳುಹಿಸುವಂತೆ ಪ್ರತಿ ಕುಟುಂಬವೂ ವೈದ್ಯರನ್ನು ಕೇಳಬೇಕು. ಅದರ ಖರ್ಚು ಶಸ್ತ್ರಚಿಕಿತ್ಸೆಯ ಬಿಲ್ಲಿನ ಒಂದು ಸಣ್ಣ ಪಾಲು ಮಾತ್ರ. ಮೂತ್ರದಲ್ಲಿ ಆರು ಮೂಲೆಯ ಹರಳು ಕಂಡರೆ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಸಿಸ್ಟಿನ್ಯೂರಿಯಾ ಎಂದು ತಿಳಿಯುತ್ತದೆ. ಮಕ್ಕಳಿಗೆ ಕಲ್ಲಾದಾಗ, ಒಬ್ಬರಿಗೇ ಪದೇ ಪದೇ ಆದಾಗ, ಒಡಹುಟ್ಟಿದವರಿಬ್ಬರಿಗೆ ಆದಾಗ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ರೋಗವಿದೆಯೆಂದು ತಿಳಿದರೆ ಒಡಹುಟ್ಟಿದವರನ್ನೂ ಪರೀಕ್ಷಿಸಿ, ಕಲ್ಲು ಹುಟ್ಟುವ ಮೊದಲೇ ನೀರಿನ ಪಥ್ಯ ಆರಂಭಿಸಬಹುದು.

ಎರಡನೆಯದಾಗಿ, ಉದ್ಯೋಗದಾತರು ತಮ್ಮ ಕೆಲಸಗಾರರ ಗುಂಪು ವಿಮೆಯ ಷರತ್ತುಗಳನ್ನು ಓದಿ ನೋಡಬೇಕು. ಆನುವಂಶಿಕ ಕಾಯಿಲೆಗಳನ್ನು ಸಾರಾಸಗಟಾಗಿ ಹೊರಗಿಡುವುದನ್ನು 2018ರಲ್ಲಿ ದೆಹಲಿ ಹೈಕೋರ್ಟ್ ಪ್ರಶ್ನಿಸಿದ ಬಳಿಕ, 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅಂಥ ಹೊರಗಿಡುವಿಕೆಗೆ ಅವಕಾಶವಿಲ್ಲವೆಂದು ಮಾರ್ಗಸೂಚಿ ಹೊರಡಿಸಿತು. ಈ ಹಕ್ಕನ್ನು ತಿಳಿಯದೆ ಕ್ಲೇಮು ಬಿಟ್ಟುಕೊಡುವುದು ಸಲ್ಲದು. ಆಲೆಮನೆ, ಗಿರಣಿ, ಕುಲುಮೆಗಳಲ್ಲಿ ಕೆಲಸಗಾರರಿಗೆ ಸಾಕಷ್ಟು ಕುಡಿಯುವ ನೀರನ್ನೂ ಅದನ್ನು ಕುಡಿಯುವ ಬಿಡುವನ್ನೂ ಶೌಚಾಲಯವನ್ನೂ ಒದಗಿಸುವುದು ಯಾವ ಬಗೆಯ ಕಲ್ಲಿಗಾದರೂ ಅಗ್ಗದ ತಡೆ.

ಮೂರನೆಯದಾಗಿ, 'ಕಲ್ಲು ಕರಗಿಸುವ' ಪುಡಿ, ಕಷಾಯಗಳನ್ನು ಮಾರುವವರು ಕಾನೂನನ್ನು ಮರೆಯಬಾರದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಮೂತ್ರಪಿಂಡದ ಕಲ್ಲೂ ಸೇರಿದ್ದು, ಅದನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು ನಿಷಿದ್ಧ. ಹುರುಳಿ ಬೆಳೆಗಾರರಿಗೂ ಬಾಳೆ ವ್ಯಾಪಾರಿಗಳಿಗೂ ಇದರಿಂದ ನಷ್ಟವಿಲ್ಲ. ಹುರುಳಿ ಆಹಾರವಾಗಿ ಮಾರಾಟವಾಗಲಿ, ಮದ್ದೆಂದು ಮಾರುವ ಮೊದಲು ಪರೀಕ್ಷೆಯಾಗಲಿ.

ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದುದು ಆ ಪರೀಕ್ಷೆಯೇ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು, ಆಸ್ಪತ್ರೆ, ಫಾರ್ಮಸಿ ಕಾಲೇಜುಗಳು ಒಂದೇ ಆವರಣದಲ್ಲಿವೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ. ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆಯೂ ಹಳೆಯ ಫಾರ್ಮಸಿ ಕಾಲೇಜುಗಳೂ ಇವೆ. ನಾಲ್ಕು ತಾಲ್ಲೂಕುಗಳ ವರ್ತಕರ ಸಂಘಗಳು ಸೇರಿ ಸಾಧಾರಣ ಮೊತ್ತದ ನಿಧಿಯೊಂದನ್ನು ಸ್ಥಾಪಿಸಿದರೆ, ಈ ಭಾಗದಲ್ಲಿ ತೆಗೆದ ಕಲ್ಲುಗಳ ಬಗೆಯನ್ನು ದಾಖಲಿಸುವ ಪಟ್ಟಿ ಸಿದ್ಧಪಡಿಸಬಹುದು. ಉಪ್ಪಾಗೆ, ಹುರುಳಿ, ಬಾಳೆದಿಂಡುಗಳ ಸಂಯುಕ್ತಗಳು ಹರಳಿನ ಮೇಲೆ ಏನು ಮಾಡುತ್ತವೆಂದು ಪರೀಕ್ಷಿಸುವ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ವೇತನ ನೀಡಬಹುದು. ಲುಮಾಸಿರಾನ್‌ನಂಥ ಔಷಧ ಇಂಥ ನಿಧಿಯಿಂದ ಹುಟ್ಟಲಾರದು. ಆದರೆ ರೋಗಿಗಳೆಷ್ಟು, ಯಾವ ವಸ್ತು ಉಪಯುಕ್ತ, ಯಾವುದು ನಿರುಪಯುಕ್ತ ಎಂಬ ಆಧಾರ ಸಾಮಗ್ರಿ ಹುಟ್ಟಬಲ್ಲದು. ಅದಿಲ್ಲದೆ ಸರ್ಕಾರವೂ ತಯಾರಕರೂ ಮುಂದೆ ಹೆಜ್ಜೆ ಇಡಲಾರರು.

ಈ ಸೀಮೆಯ ವರ್ತಕರು ಕೆರೆ ಕಟ್ಟಿಸಿದವರು, ಅರವಟ್ಟಿಗೆ ಇಡಿಸಿದವರು, ವಿದ್ಯಾರ್ಥಿನಿಲಯಗಳಿಗೆ ಅಕ್ಕಿ ಬೇಳೆ ಕಳುಹಿಸಿದವರು. ಕಣ್ಣಿಗೆ ಕಾಣುವ ಅಗತ್ಯಕ್ಕೆ ಅವರ ಕೈ ಎಂದೂ ಹಿಂದೆಗೆದದ್ದಿಲ್ಲ. ಆನುವಂಶಿಕ ಕಲ್ಲಿನ ವ್ಯಾಧಿ ಕಣ್ಣಿಗೆ ಕಾಣದ ಅಗತ್ಯ. ಮುಂದಿನ ಬಾರಿ ಮನೆಯಲ್ಲೋ ಕಾರ್ಖಾನೆಯಲ್ಲೋ ಯಾರಿಗಾದರೂ ಕಲ್ಲು ತೆಗೆದಾಗ, ಖರ್ಚು ಎಷ್ಟಾಯಿತೆಂದು ಕೇಳುವ ಮೊದಲು ಅದು ಯಾವ ಕಲ್ಲೆಂದು ಕೇಳುವ ಪರಿಪಾಠ ಬೆಳೆಯಲಿ. ಹಾಗಾದಲ್ಲಿ ಎಷ್ಟೋ ಎಳೆಯ ಮೂತ್ರಪಿಂಡಗಳು ಉಳಿದಾವು.